ಮೊದಲ ಊರಿನ ದರ್ಜಿ

ಲೂಕು ನೋರ್ಬೆರ್‌ನ ಹೊಲಿಗೆ ಅಂಗಡಿಯ ಮುಂದೆ ಸಂಜೆ ಸೇರುವವರಿಗೆ ಒಂದೇ ಆಟ. ಒಬ್ಬ ಒಂದು ದೇಶದ ಹೆಸರು ಹೇಳಬೇಕು, ಆ ದೇಶದ ಮೊದಲ ಊರು, ಅಂದರೆ ರಾಜಧಾನಿ, ಯಾವುದೆಂದು ಉಳಿದವರು ಹೇಳಬೇಕು. ಕೇಳಿದರೆ ಶಾಲೆ ಮಕ್ಕಳ ಆಟ. ಆದರೆ ನಮ್ಮ ಯಾಮುಸುಕ್ರೊದಲ್ಲಿ ಇದೇ ಆಟಕ್ಕೆ ಗಡ್ಡ ನರೆತ ಗಂಡಸರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದಿದ್ದಾರೆ.

"ನೈಜೀರಿಯಾ" ಎನ್ನುತ್ತಿದ್ದ ಸಿಲುವೆ, ಕೆಂಡದ ಮೇಲಿನ ಚಹಾ ಕೆಟಲಿನ ಮುಚ್ಚಳ ಎತ್ತಿ ನೋಡುತ್ತಾ. ಸಿಲುವೆ ಮಂತ್ರಿಗಳಿಗೆಂದು ಕಟ್ಟಿದ ಬಂಗಲೆಗಳ ಕಾವಲುಗಾರ. ಬಂಗಲೆಗಳಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅವನಿಗೆ ಚಹಾ ಕಾಯಿಸಲು ಬೇಕಾದಷ್ಟು ಪುರುಸೊತ್ತು.

"ಲಾಗೋಸ್!"

"ಲಾಗೋಸ್ ಅಂತೆ ಲಾಗೋಸ್. ಅಬುಜಾ ಕಣ್ರೋ!" ಲೂಕು ಒಳಗಿನಿಂದಲೇ ಕೂಗುತ್ತಿದ್ದ, ಯಂತ್ರ ತುಳಿಯುವ ಕಾಲು ನಿಲ್ಲಿಸದೆ. "ಸರ್ಕಾರ ಮೂಟೆ ಕಟ್ಕೊಂಡು ಅಬುಜಾಕ್ಕೆ ಹೋಗಿ ಯಾವ ಕಾಲ ಆಯ್ತು!"

"ಸರಿ, ಬೆನಿನ್?"

"ಕೊತೊನು."

"ಪೋರ್ತೊ ನೋವೊ!" ಮತ್ತೆ ಒಳಗಿನಿಂದ ಲೂಕು.

"ಪೋರ್ತೊ ನೋವೊದಲ್ಲಿ ಏನಿದೆ ಹಿರಿಯಾ? ಅಲ್ಲಿನ ಕೋಳಿ ಕೂಡ ಮೊಟ್ಟೆ ಇಡೋಕೆ ಕೊತೊನುಗೆ ಹೋಗುತ್ತೆ."

ಎಲ್ಲರೂ ನಗುತ್ತಿದ್ದರು. ಆದರೆ ನಮ್ಮ ದೇಶದ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಗೊತ್ತಿಲ್ಲದ ಹೊಸಬ ಯಾರಾದರೂ ಎತ್ತಿಬಿಟ್ಟರೆ ಮುಗಿಯಿತು. ಲೂಕು ಕತ್ತರಿ ಹಿಡಿದೇ ಹೊರಗೆ ಬರುತ್ತಿದ್ದ. "ಮೊದಲ ಊರು ಅಂದ್ರೆ ಜನ ಜಾಸ್ತಿ ಇರೋ ಊರಲ್ಲ. ಸಂತೆ ದೊಡ್ಡದಿರೋ ಊರೂ ಅಲ್ಲ. ಮಂತ್ರಿ ಆದವನು ಎಲ್ಲಿ ಹೆಂಡತಿ ಮಕ್ಕಳನ್ನ ಇಟ್ಕೊಂಡು ಮಲಗಿ ಏಳ್ತಾನೋ, ಅದು."

"ಹಂಗಾದ್ರೆ ಮಂತ್ರಿಗಳೆಲ್ಲ ಇರೋ ಅಬಿಜಾನೇ ಆಯ್ತಲ್ಲ!"

"ಇವತ್ತಿಗೆ" ಎನ್ನುತ್ತಿದ್ದ ಲೂಕು. "ಇವತ್ತಿಗೆ ಅಬಿಜಾನ್. ಕಾನೂನು ನಮ್ಮ ಕಡೆ ಇದೆ, ನೆನಪಿಟ್ಕೋ." ಹೇಳಿ ಒಳಗೆ ಹೋಗುತ್ತಿದ್ದ. ಆಮೇಲೆ ಬಹಳ ಹೊತ್ತು ಯಂತ್ರದ ಸದ್ದು ಜೋರಾಗಿ ಕೇಳುತ್ತಿತ್ತು.

ನಗುವವರು ನಗಲಿ. ಆ "ಇವತ್ತಿಗೆ" ಎಂಬ ಒಂದು ಮಾತನ್ನು ನಂಬಿ ಮನುಷ್ಯ ತನ್ನ ಇಡೀ ಆಯುಷ್ಯ ಕಳೆದಿದ್ದ.

ಲೂಕು ಇಲ್ಲೇ ಕೂಗಳತೆಯ ಹಳ್ಳಿಯವನು. ನಮ್ಮ ಬಾವುಲೆ ಜನರೆಲ್ಲರಂತೆ ಅವನಪ್ಪನೂ ಯಾಮ್ ಗೆಣಸು ಬೆಳೆಯುತ್ತಿದ್ದ. ಮೀಸೆ ಚಿಗುರುವ ವಯಸ್ಸಿಗೆ ಹುಡುಗ ಅಬಿಜಾನ್ ಸೇರಿದ. ತ್ರೇಶ್ವಿಲ್ ಪೇಟೆಯಲ್ಲಿ ಸೆನೆಗಲ್‌ನ ದರ್ಜಿಯೊಬ್ಬನ ಕೈಕೆಳಗೆ ಕಾಜಾ ಹಾಕುವುದರಿಂದ ಹಿಡಿದು ಕೋಟು ಕತ್ತರಿಸುವವರೆಗೂ ಕಲಿತ. ಸರ್ಕಾರಿ ಕಚೇರಿಗಳ ಸಾಹೇಬರೆಲ್ಲ ಆ ಅಂಗಡಿಗೇ ಬರುತ್ತಿದ್ದರು. ಒಮ್ಮೆ ನಿಜವಾದ ಮಂತ್ರಿಯೊಬ್ಬನ ಕೋಟಿಗೆ ಲೂಕು ತನ್ನ ಕೈಯಾರೆ ತೋಳು ಜೋಡಿಸಿದ. ಅಳತೆ ಕೊಡಲು ಬಂದಿದ್ದ ಮಂತ್ರಿ ಎರಡೂ ಕೈ ಚಾಚಿ ಹುಡುಗನ ಮುಂದೆ ಬೆದರುಗೊಂಬೆಯ ಹಾಗೆ ನಿಂತಿದ್ದನಂತೆ. ದೇಶ ಆಳುವವನು ತನ್ನ ಮುಂದೆ ಕೈ ಚಾಚಿ ನಿಂತ ಆ ಗಳಿಗೆ ಲೂಕುವಿನ ತಲೆಯಿಂದ ಇಳಿಯಲೇ ಇಲ್ಲ.

ಅದೇ ಅಬಿಜಾನ್‌ನಲ್ಲಿ ಅವನು ಫಿಲೊಮೆನ್‌ಳನ್ನು ಮದುವೆಯಾದ. ಅವಳು ಅನುಮಾಬೊದವಳು. ಅಬಿಜಾನ್ ಎಂಬ ಪಟ್ಟಣ ಬಂದು ಸುತ್ತುವರಿಯುವ ಮೊದಲೇ ಲಗೂನಿನ ಹಿನ್ನೀರಿನಲ್ಲಿ ಮೀನು ಹಿಡಿದುಕೊಂಡಿದ್ದ ಎಬ್ರಿಯೆ ಜನರ ಊರು ಅದು. ಅವಳ ಬಾಯಿ ಕತ್ತರಿಗಿಂತ ಹರಿತ.

"ನೀವೆಲ್ಲ ಪಟ್ಟಣ ಪಟ್ಟಣ ಅಂತ ಕುಣೀತೀರಲ್ಲ, ಅದು ನಮ್ಮಜ್ಜಿ ಬಲೆ ಒಣಗಿಸ್ತಿದ್ದ ಜಾಗ ಮಾರಾಯ. ನಿನ್ನಂಥ ಗೆಣಸಿನವರು ಬಂದು ತುಂಬಿಕೊಂಡ್ರಿ."

"ಆಯ್ತಮ್ಮ ಆಯ್ತು, ಒಡತಿ. ಬಾಡಿಗೆ ಯಾರಿಗೆ ಕೊಡ್ಲಿ?"

"ನಂಗೇ ಕೊಡು. ಮೊದಲು ಆ ಪಾತ್ರೆ ಎತ್ತಿಡು."

ಹೀಗೆ ನಗುತ್ತಾ ಜಗಳವಾಡಿಕೊಂಡು ಇದ್ದ ಸಂಸಾರ. ಎಲೀಜ್ ಎಂಬ ಮಗಳೂ ಹುಟ್ಟಿದಳು. ಫಿಲೊಮೆನ್ ಅನುಮಾಬೊದ ಹೆಂಗಸರ ಅಂಗಳದಲ್ಲಿ ಮರಗೆಣಸು ತುರಿದು, ಹೆಪ್ಪು ಹಾಕಿ ಹುಳಿ ಬರಿಸಿ, ಹಬೆಯಲ್ಲಿ ಬೇಯಿಸಿ ಅತ್ಯೆಕೆ ಮಾಡುತ್ತಿದ್ದಳು. ಆ ಅಂಗಳದಲ್ಲಿ ಒಬ್ಬೊಬ್ಬಳಿಗೂ ಒಂದೊಂದು ಒಲೆ, ಒಂದೊಂದು ಮನೆತನದ ಹೆಪ್ಪು. ಫಿಲೊಮೆನ್‌ಳದು ಅಜ್ಜಿಯಿಂದ ಬಂದ ಒಲೆ, ಅಜ್ಜಿಯಿಂದ ಬಂದ ಹೆಪ್ಪು. ಅವಳ ಅತ್ಯೆಕೆ ಎಂದರೆ ಜನ ಬೆಳಿಗ್ಗೆ ಬಂದು ಕಾದು ಕೂರುತ್ತಿದ್ದರು.

ಸಾವಿರದ ಒಂಬೈನೂರ ಎಂಬತ್ಮೂರರಲ್ಲಿ ದೇಶದ ಅಧ್ಯಕ್ಷರು, ಎಲ್ಲರೂ ಹಿರಿಯರು ಎಂದೇ ಕರೆಯುತ್ತಿದ್ದ ನಮ್ಮ ಊರಿನವರೇ, ರಾಜಧಾನಿಯನ್ನು ಅಬಿಜಾನ್‌ನಿಂದ ಯಾಮುಸುಕ್ರೊಗೆ ಎತ್ತಿಟ್ಟರು. ರೇಡಿಯೋದಲ್ಲಿ ಅದನ್ನು ಕೇಳಿದ ಲೂಕು ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಎದ್ದು ನಿಂತ. ಕಾಡಿನವನು, ಗೆಣಸಿನವನು ಎಂದು ಎಲ್ಲರ ಬಾಯಲ್ಲೂ ಹಗುರಾಗಿ ಓಡಾಡಿದವನ ಊರು ಇದ್ದಕ್ಕಿದ್ದಂತೆ ದೇಶಕ್ಕೆಲ್ಲ ಮೊದಲ ಊರಾಗಿತ್ತು. ಅವನ ಎದೆ ಉಬ್ಬಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ನನ್ನದೂ ಉಬ್ಬಿತ್ತು. ನಮ್ಮೆಲ್ಲರದೂ ಉಬ್ಬಿತ್ತು.

"ಹೊರಡೋಣ ಫಿಲೊ. ಮಂತ್ರಿಗಳೆಲ್ಲ ಅಲ್ಲಿಗೆ ಬರ್ತಾರೆ. ಮೊದಲು ಹೋದವನದೇ ಅಂಗಡಿ."

"ಬಂದಿದ್ದಾರಾ?"

"ಬರ್ತಾರೆ."

"ಬರ್ಲಿ. ಅಲ್ಲಿ ಜನಕ್ಕಿಂತ ಅಧ್ಯಕ್ಷರ ಕೆರೆ ಮೊಸಳೆ ಜಾಸ್ತಿ. ಮೊಸಳೆಗೆ ಕೋಟು ಹೊಲೀತೀಯಾ?" ಎಂದು ನಕ್ಕವಳು, ಗಂಡ ನಗದಿದ್ದುದನ್ನು ಕಂಡು ನಗು ನಿಲ್ಲಿಸಿದಳು. ಆಮೇಲೆ ಗಟ್ಟಿಯಾಗಿ ಹೇಳಿದಳು: "ನೋಡು ಲೂಕು. ನಂಗೆ ಇಲ್ಲಿ ಒಲೆ ಇದೆ. ಅಲ್ಲಿ ಒಬ್ಬನೇ ಒಬ್ಬ ಮಂತ್ರಿ ಬಂದು ಸಂಸಾರ ಹೂಡ್ಲಿ. ಅವತ್ತೇ ಹೊರಡ್ತೀನಿ. ಮಾತು ಅಂದ್ರೆ ಮಾತು."

ಲೂಕು ಯಂತ್ರವನ್ನು ಲಾರಿಯ ಮೇಲೆ ಕಟ್ಟಿಸಿಕೊಂಡು ಒಬ್ಬನೇ ಬಂದ. ಹೆಚ್ಚೆಂದರೆ ಒಂದು ವರ್ಷ ಎಂದುಕೊಂಡಿದ್ದ. ಅಂಗಡಿಯ ಹಲಗೆಯ ಮೇಲೆ "ಮಂತ್ರಿಗಳ ದರ್ಜಿ" ಎಂದು ಬರೆಸಿದ. ಎದುರಿಗೆ ಎಂಟು ಗಾಡಿ ಒಟ್ಟಿಗೆ ಓಡಬಹುದಾದಷ್ಟು ಅಗಲದ ರಸ್ತೆ, ಎರಡೂ ಬದಿಗೆ ಸಾಲು ದೀಪ. ಅದರ ಮೇಲೆ ಯಾರದೋ ಎರಡು ಕುರಿ ನಿಧಾನವಾಗಿ ದಾಟುತ್ತಿದ್ದವು. ಬಂಗಲೆಗಳನ್ನು ಕಟ್ಟಿದರು, ಬೀಗ ಹಾಕಿದರು. ಕಚೇರಿಗಳ ಅಡಿಪಾಯ ಹಾಕಿದರು, ಅದರಲ್ಲಿ ಹುಲ್ಲು ಬೆಳೆಯಿತು. ಮಂತ್ರಿಗಳು ಮಾತ್ರ ಅಬಿಜಾನ್ ಬಿಟ್ಟು ಕದಲಲಿಲ್ಲ. ಮಂತ್ರಿಗಳ ದರ್ಜಿ ಶಾಲೆ ಮಕ್ಕಳ ಖಾಕಿ ಚಡ್ಡಿಗಳನ್ನೂ ಸಾವಿನ ಮನೆಯವರಿಗೆ ಒಂದೇ ಬಣ್ಣದ ಬಟ್ಟೆಗಳನ್ನೂ ಹೊಲಿದು ಹೊಟ್ಟೆ ಹೊರೆದುಕೊಂಡ.

ಹೆಂಡತಿ ವರ್ಷಕ್ಕೊಮ್ಮೆ ಬರುತ್ತಿದ್ದಳು, ಪಾಕಿನು ಬಂದಾಗ. ಈಸ್ಟರ್‌ಗೆ ಬಾವುಲೆ ಜನ ಎಲ್ಲಿದ್ದರೂ ಊರಿಗೆ ಬರಲೇಬೇಕಲ್ಲ. ಅಬಿಜಾನ್‌ನ ಬಸ್ಸುಗಳೆಲ್ಲ ಅಂದು ನಮ್ಮ ಕಡೆಗೇ ಮುಖ ಮಾಡುತ್ತವೆ. ಆ ಜನಜಂಗುಳಿಯಲ್ಲಿ ಫಿಲೊಮೆನ್ ತಲೆಯ ಮೇಲೆ ಅತ್ಯೆಕೆಯ ಬುಟ್ಟಿ ಹೊತ್ತು, ಮಗಳ ಕೈ ಹಿಡಿದು ಇಳಿಯುತ್ತಿದ್ದಳು. ವಾರಕ್ಕೆ ಮೊದಲೇ ಲೂಕು ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದ, ಗೋಡೆಗೆ ಸುಣ್ಣ ಬಳಿಯುತ್ತಿದ್ದ, ಅವಳಿಗೊಂದು ಮಗಳಿಗೊಂದು ಹೊಸ ಬಟ್ಟೆ ಹೊಲಿದಿಡುತ್ತಿದ್ದ. ಮಗಳ ಅಳತೆ ಪ್ರತಿ ವರ್ಷವೂ ತಪ್ಪುತ್ತಿತ್ತು. ಅವನ ಮನಸ್ಸಿನಲ್ಲಿದ್ದ ಮಗು ಹೋದ ವರ್ಷದ ಮಗು. ಎಲೀಜ್ ಸ್ನೇಹಿತೆಯರ ಮುಂದೆ ಅವನನ್ನು "ನಮ್ಮ ಪಾಕಿನು ಅಪ್ಪ" ಎನ್ನುತ್ತಿದ್ದಳಂತೆ. ಅವಳಿಗೆ ಅದು ಪ್ರೀತಿಯ ಮಾತು. ಅದನ್ನು ಕೇಳಿದ ದಿನ ಲೂಕು ಊಟ ಮಾಡಲಿಲ್ಲ.

ಸೋಮವಾರ ಬಸ್ಸು ಹತ್ತುವಾಗ ಫಿಲೊಮೆನ್ ಕೇಳುತ್ತಿದ್ದಳು: "ಏನಯ್ಯಾ, ಬಂದ್ರಾ ನಿನ್ನ ಮಂತ್ರಿಗಳು?"

"ಬರ್ತಾರೆ."

"ನೀನೇ ಬಂದುಬಿಡಬಾರ್ದಾ?"

ಇದನ್ನು ಅವಳು ಮೊದಮೊದಲು ಅಳುತ್ತಾ ಕೇಳುತ್ತಿದ್ದಳು, ಆಮೇಲೆ ಸಿಟ್ಟಿನಲ್ಲಿ, ಕೊನೆಕೊನೆಗೆ ಬರೀ ರೂಢಿಗೆ. ಅವನು ಹೋಗಬಹುದಿತ್ತು. ತ್ರೇಶ್ವಿಲ್‌ನಲ್ಲಿ ಅವನಂಥ ಕೈಗೆ ಕೆಲಸ ಇಲ್ಲವೆನ್ನುತ್ತಿರಲಿಲ್ಲ. ಆದರೆ ಹೋದರೆ ಯಾಮುಸುಕ್ರೊ ಎರಡನೆಯ ಊರೂ ಅಲ್ಲ, ಮೂರನೆಯದೂ ಅಲ್ಲ, ಬರೀ ಗೆಣಸಿನ ಊರು ಎಂದು ತಾನೇ ಬರೆದುಕೊಟ್ಟಂತಾಗುತ್ತಿತ್ತು. ಅಷ್ಟೊಂದು ಹಠ! ಊರಿನ ಮರ್ಯಾದೆಯನ್ನು ಮೈಮೇಲೆ ಎಳೆದುಕೊಂಡವನು ಹೆಂಡತಿಯ ಮೊಗ ನೋಡಲಿಲ್ಲ. ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟಿದೆ.

ನೈಜೀರಿಯಾದವರು ಅಬುಜಾಕ್ಕೆ ಹೋದಾಗ ಲೂಕು ಬೀದಿಗೆಲ್ಲ ತಾಳೆ ಹೆಂಡ ಕುಡಿಸಿದ. ಇನ್ನು ನಮ್ಮದೇ ಸರದಿ ಎಂದ. ರಾಜಧಾನಿ ಬದಲಿಸಿದ ಆ ಹಿರಿಯರು ತೀರಿಕೊಂಡರು, ಇಲ್ಲೇ ಮಣ್ಣಾದರು. ಇನ್ನು ಅವರ ಮಾತು ಉಳಿಸಲಿಕ್ಕಾದರೂ ಮಂತ್ರಿಗಳು ಬರುತ್ತಾರೆ ಎಂದ. ಯುದ್ಧ ಬಂತು, ದೇಶ ಎರಡು ಹೋಳಾಯಿತು. ನಡುವಿನ ಊರು ನಮ್ಮದು, ಒಂದಾದಾಗ ಇಲ್ಲೇ ಕೂರುತ್ತಾರೆ ಎಂದ. ಅಂಗಡಿ ಮುಂದಿನ ಆಟಕ್ಕೆ ಬರುವವರು ಕಡಿಮೆಯಾದರು. ಸಿಲುವೆ ಒಬ್ಬ ತಪ್ಪದೆ ಬರುತ್ತಿದ್ದ, ಅದೂ ಖಾಲಿ ಬಂಗಲೆಗಳ ಮುಂದೆ ಕೂತು ಬೇಜಾರಾಗಿ.

ಯುದ್ಧ ನಿಂತ ಮೇಲಿನ ಒಂದು ವರ್ಷ, ಮಳೆ ಶುರುವಾಗುವ ಮುಂಚೆ, ಬಿಳಿ ಕಾರೊಂದು ಅಂಗಡಿ ಎದುರು ನಿಂತಿತು. ಮಂತ್ರಿಯೊಬ್ಬನ ಆಪ್ತ ಸಹಾಯಕನಂತೆ, ಎಳೆ ವಯಸ್ಸಿನವನು. ಕೈಯಲ್ಲಿ ಹಸಿರು ರೇಷ್ಮೆಯಂಥ ಬಟ್ಟೆಯ ದೊಡ್ಡ ಸುರುಳಿ.

"ಹಿರಿಯರೇ, ಬಂಗಲೆಗೆ ಕಿಟಕಿ ಪರದೆ ಹೊಲೀಬೇಕು. ಎಲ್ಲಾ ಕೋಣೆಗೂ. ಮುಂದಿನ ವಾರಕ್ಕೆ ಆಗುತ್ತಾ?"

ಲೂಕು ಕತ್ತರಿ ಕೆಳಗಿಟ್ಟ. "ಎಲ್ಲಾ ಕೋಣೆಗೂ? ಮಲಗೋ ಕೋಣೆಗೂ?"

"ಮಲಗೋ ಕೋಣೆಗೂ. ಮಕ್ಕಳ ಕೋಣೆಗೂ."

ಕೋಟು ಹೊಲಿಸಿದ್ದರೆ ಲೂಕು ಇಷ್ಟು ನಂಬುತ್ತಿರಲಿಲ್ಲ. ಕೋಟನ್ನು ಮನುಷ್ಯ ಎಲ್ಲಿಗೆ ಬೇಕಾದರೂ ಹಾಕಿಕೊಂಡು ಹೋಗುತ್ತಾನೆ. ಪರದೆ ಹಾಗಲ್ಲ. ಮಲಗದ ಮನೆಯ ಕಿಟಕಿಗೆ ಯಾರಾದರೂ ಪರದೆ ಕಟ್ಟುತ್ತಾರೆಯೇ? ಆ ವಾರ ಅವನು ಶಾಲೆ ಚಡ್ಡಿಗಳನ್ನೆಲ್ಲ ಮೂಲೆಗೆ ತಳ್ಳಿ, ಪರದೆಯ ಅಂಚುಗಳನ್ನು ಯಂತ್ರಕ್ಕೆ ಕೊಡದೆ ಕೈಯಲ್ಲೇ ಹೊಲಿದ. ತಾನೇ ಹೋಗಿ ಕಟ್ಟಿ ಬಂದ. ಬಂಗಲೆಯ ಸುತ್ತ ಹುಲ್ಲು ಕೊಯ್ಯುತ್ತಿದ್ದರು, ನಲ್ಲಿಗಳಲ್ಲಿ ನೀರು ಬಂದಿತ್ತು, ಸಿಲುವೆಗೆ ಹೊಸ ಸಮವಸ್ತ್ರ ಕೊಟ್ಟಿದ್ದರು. ದೇಶದ ಮಂತ್ರಿಮಂಡಲವೆಲ್ಲ ಬುಧವಾರ ಬರುತ್ತದೆಂದು ಊರೆಲ್ಲ ಸುದ್ದಿ.

ಲೂಕು ಅನುಮಾಬೊಗೆ ಫೋನು ಮಾಡಿದ. "ಫಿಲೊ, ಪರದೆ ಕಟ್ಟಿದೆ."

"ಯಾವ ಪರದೆ?"

"ಮಂತ್ರಿ ಮನೇದು. ಮಲಗೋ ಕೋಣೇದು ಕಣೇ. ಮಕ್ಕಳ ಕೋಣೆಗೂ ಕಟ್ಟಿದೆ."

ಆ ಕಡೆ ಹೆಂಗಸರು ಮರಗೆಣಸು ಜರಡಿ ಹಿಡಿಯುವ ಸದ್ದು ಕೇಳುತ್ತಿತ್ತು. ಅವಳು ಕೇಳಿದಳು: "ಖಂಡಿತಾ ತಾನೆ ಲೂಕು? ನಂಗೂ ವಯಸ್ಸಾಯ್ತು. ಒಲೆ ಬಿಟ್ಟುಕೊಟ್ಟ ಮೇಲೆ ವಾಪಸ್ ಕೇಳೋ ಹಂಗಿಲ್ಲ."

"ಖಂಡಿತ."

"ಹಂಗಾದ್ರೆ ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ಕೊಟ್ಟ ಮಾತು."

ಅಂಗಳದ ಹಿರಿಯ ಹೆಂಗಸರನ್ನೆಲ್ಲ ಕೂರಿಸಿ, ನೆಲಕ್ಕೆ ಹೆಂಡ ಸುರಿದು, ಅವಳು ಅಜ್ಜಿಯ ಒಲೆಯನ್ನೂ ಹೆಪ್ಪನ್ನೂ ತಂಗಿಯ ಮಗಳ ಕೈಗೆ ಒಪ್ಪಿಸಿದಳು. ಹಾಗೆ ಒಪ್ಪಿಸಿದವಳು ಮತ್ತೆ ಆ ಅಂಗಳದಲ್ಲಿ ಜರಡಿ ಹಿಡಿಯುವ ಹಾಗಿಲ್ಲ. ಕೂತರೆ ಸತ್ತ ಅಜ್ಜಿಯಂದಿರಿಗೆ ಅವಮಾನ. ಎಲೀಜ್ ಬೇಡ ಎಂದಳಂತೆ, ಅತ್ತಳಂತೆ. "ನಿಮ್ಮಪ್ಪ ಇಷ್ಟು ವರ್ಷ ಕಾದಿದ್ದಾನೆ, ಗೆದ್ದಿದ್ದಾನೆ. ನಾನು ಸೋತೆ ಅಂತ ಒಪ್ಪಿಕೊಳ್ಳೋಕೆ ನಂಗ್ಯಾವ ದೊಡ್ಡಸ್ತಿಕೆ ಅಡ್ಡ?" ಎಂದಳಂತೆ ಫಿಲೊಮೆನ್.

ಬುಧವಾರ ಮಂತ್ರಿಗಳು ಬಂದದ್ದು ನಿಜ. ಸೈರನ್ನು, ಪೋಲೀಸರು, ಸಾಲು ಸಾಲು ಕಪ್ಪು ಕಾರು. ರಾತ್ರಿ ಇಡೀ ಊರಿನ ದೀಪಗಳು ಉರಿದವು. ಲೂಕು ರಸ್ತೆ ಬದಿಯಲ್ಲಿ ನಿಂತು ಹಸಿರು ಪರದೆಯ ಹಿಂದೆ ಬೆಳಕು ಕಂಡ. ಮನೆಗೆ ಬಂದು ಮುಖ ಮುಚ್ಚಿಕೊಂಡು ಅತ್ತ.

ಗುರುವಾರ ಬೆಳಿಗ್ಗೆ ಅವನು ಹಾಸಿಗೆ ಕೊಡವುತ್ತಿದ್ದಾಗ ಸಿಲುವೆ ಬಂದ. ಹೊಸ ಸಮವಸ್ತ್ರದ ಗುಂಡಿ ಬಿಚ್ಚಿಕೊಂಡಿದ್ದ.

"ಹಿರಿಯಾ, ಹೊರಟ್ರು."

"ಯಾರು?"

"ಅವರೇ. ಇವತ್ತು ಸಭೆ ಮುಗೀತಿದ್ದ ಹಂಗೇ ಮಧ್ಯಾಹ್ನ ಊಟ ಮಾಡಿ ಅಬಿಜಾನ್‌ಗೆ. ಡ್ರೈವರ್ ಹೇಳಿದ, ಪೆಟ್ಟಿಗೆ ಆಗಲೇ ಕಾರಿಗೆ ಹಾಕಿದ್ದಾರೆ."

"ಸಂಸಾರ?"

"ಯಾವ ಸಂಸಾರ? ಮಂತ್ರಿ ಒಬ್ಬನೇ ಬಂದಿದ್ದ. ಟೀವಿಯವರು ಬಂಗಲೆ ಚಿತ್ರ ತೆಗೀತಾರೆ ಅಂತ ಪರದೆ ಕಟ್ಟಿಸಿದ್ದಂತೆ." ಸಿಲುವೆಗೆ ಹಿರಿಯನ ಮುಖ ನೋಡಲಾಗಲಿಲ್ಲ. "ಅಕ್ಕಂಗೆ ಫೋನ್ ಮಾಡಿಬಿಡು. ಇನ್ನೂ ಬಸ್ ಹತ್ತಿರಲ್ಲ."

ಸಿಲುವೆ ಹೋದ. ಲೂಕು ಫೋನು ಕೈಗೆತ್ತಿಕೊಂಡ. ಅವಳು ಈಗ ಗಂಟುಮೂಟೆ ಕಟ್ಟುತ್ತಿರಬೇಕು, ಅಥವಾ ಬಸ್ ನಿಲ್ದಾಣದಲ್ಲಿ ಕೂತಿರಬೇಕು. ಬರಬೇಡ ಎಂದರೆ ಮುಗಿಯಿತು. ಒಲೆ ಹೋಗಿದ್ದರೂ ಮಗಳ ಮನೆ ಇತ್ತು, ಹುಟ್ಟಿದ ಊರು ಇತ್ತು, ಅಲ್ಲಿ ಕೂತು ಗಂಡನನ್ನು ಬಾಯ್ತುಂಬ ಬೈದುಕೊಂಡು ಇರುತ್ತಿದ್ದಳು. ಆದರೆ ಬರಬೇಡ ಎಂದರೆ ಅವಳು ಇನ್ನೆಂದೂ ಬರುವುದಿಲ್ಲ. ಬಂದುಬಿಟ್ಟರೆ ಬಂದಂತೆ. ಇಷ್ಟು ವರ್ಷ ಮಂತ್ರಿಗಳಿಗೆ ಕಾದದ್ದು ಯಾರಿಗಾಗಿ? ಲೂಕು ಫೋನನ್ನು ಬಟ್ಟೆಯ ರಾಶಿಯ ಕೆಳಗೆ ಇಟ್ಟ. ಯಂತ್ರದ ಮುಂದೆ ಕೂತು ಶಾಲೆ ಚಡ್ಡಿಯೊಂದನ್ನು ಎಳೆದುಕೊಂಡ.

ದಾರಿಯಲ್ಲಿ ತುಮೋದಿ ಎಂಬ ಊರು ದಾಟುವಾಗ ಪೋಲೀಸರು ಅವಳ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿದರಂತೆ. ಸೈರನ್ನು ಕೂಗುತ್ತಾ ಕಪ್ಪು ಕಾರುಗಳು ಒಂದರ ಹಿಂದೊಂದು ಎದುರಿನಿಂದ ಬಂದು ಅಬಿಜಾನ್ ಕಡೆಗೆ ಹೋದವು. ಬಸ್ಸಿನವರೆಲ್ಲ ಕಿಟಕಿಗೆ ಮುಖ ಹಚ್ಚಿ ನೋಡಿದರು. ಫಿಲೊಮೆನ್ ಮಡಿಲಲ್ಲಿದ್ದ ಗಂಟನ್ನು ಹಿಡಿದು ಕೂತಿದ್ದಳು.

ಸಂಜೆ ಬಸ್ಸಿನಿಂದ ಅವಳು ಇಳಿದಾಗ ಲೂಕು ಹೊಸ ಅಂಗಿ ಹಾಕಿಕೊಂಡು ನಿಂತಿದ್ದ, ಪಕ್ಕದಲ್ಲಿ ಸಿಲುವೆ. ಅವಳು ಅಳಲಿಲ್ಲ, ಬೈಯಲಿಲ್ಲ. ಗಂಡನ ಮುಖವನ್ನು ನೋಡಿ, ಸ್ವಲ್ಪ ನಗುವ ಹಾಗೆ ಮಾಡಿ, "ದಾರೀಲಿ ಸಿಕ್ಕಿದ್ರು ನಿನ್ನ ಗಿರಾಕಿಗಳು" ಎಂದಳು. "ಹೋಗ್ಲಿ ಬಿಡು. ನಿಂಗೆ ಮಾತ್ರ ಏನು ಗೊತ್ತಿತ್ತು. ಮೋಸ ಹೋಗಿದ್ದು ನೀನೂ, ನಾನೂ."

ಎಂಥ ಮಾತು! ಕಟ್ಟಿಕೊಂಡವಳ ಬಾಯಿಂದ ಅಂಥದ್ದೊಂದು ಕೇಳಲು ಪುಣ್ಯ ಬೇಕು. ಲೂಕುವಿಗೆ ಜೀವ ಬಂದ ಹಾಗಾಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಸಿಲುವೆ, ಪಾಪ, ಗಂಟನ್ನು ತಲೆಗೇರಿಸಿಕೊಳ್ಳುತ್ತಾ ಅಂದುಬಿಟ್ಟ:

"ನಾನು ಬೆಳಿಗ್ಗೇನೇ ಹೇಳಿದ್ದೆ ಅಕ್ಕ, ಅವರು ಹೊರಟ್ರು ಅಂತ. ನೀವು ಬರಲ್ಲ ಅಂದ್ಕೊಂಡಿದ್ದೆ."

ಫಿಲೊಮೆನ್ ಅಲ್ಲೇ ನಿಂತಳು. "ಬೆಳಿಗ್ಗೆ?"

ಸಿಲುವೆ ಅವಳನ್ನು ನೋಡಿದ, ಹಿರಿಯನನ್ನು ನೋಡಿದ, ಗಂಟು ಹೊತ್ತು ಬೇಗ ಬೇಗ ಮುಂದೆ ನಡೆದ.

"ಬೆಳಿಗ್ಗೇನೇ ಗೊತ್ತಿತ್ತಾ ಲೂಕು? ನಾನು ಬಸ್ ಹತ್ತೋಕೆ ಮುಂಚೆ?"

"ಹತ್ತೋಕೆ ಮುಂಚೆ" ಎಂದ ಅವನು. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ನೀನು ಬರ್ಲಿ ಅಂತ ಆಸೆ ಆಯ್ತು ಫಿಲೊ."

ಅಬಿಜಾನ್ ಕಡೆಯ ಬಸ್ಸು ಪಕ್ಕದಲ್ಲೇ ಹಾರ್ನ್ ಹೊಡೆಯುತ್ತಿತ್ತು, ಹುಡುಗ ಕೂಗಿ ಕೂಗಿ ಜನರನ್ನು ಹತ್ತಿಸುತ್ತಿದ್ದ. ಅವಳು ಒಮ್ಮೆ ಅತ್ತ ನೋಡಿದಳು. ಆಮೇಲೆ ಸಿಲುವೆ ಹೋದ ದಾರಿ ಹಿಡಿದು ಗಂಡನಿಗಿಂತ ಮುಂದೆ ನಡೆದಳು.

ಅಂದಿನಿಂದ ಅವಳು ಇಲ್ಲೇ ಇದ್ದಾಳೆ. ಹೊತ್ತು ಹೊತ್ತಿಗೆ ಗೆಣಸು ಬೇಯಿಸಿ ಕುಟ್ಟಿ ಹಾಕುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಅತ್ಯೆಕೆ ಮಾಡುವುದಿಲ್ಲ. ಬಯ್ಗುಳ ಮರೆತಿದ್ದಾಳೆ, ತಮಾಷೆಯನ್ನೂ ಮರೆತಿದ್ದಾಳೆ. ಲೂಕು ಬೇಕೆಂದೇ ಅಬಿಜಾನ್‌ನ ಜನರನ್ನು ಹೀಗಳೆದು ಕಾಲು ಕೆರೆದು ಜಗಳಕ್ಕೆ ನಿಂತರೂ "ಹೌದು" ಎನ್ನುತ್ತಾಳೆ. ಒಮ್ಮೆ ಅವನು ತಾನಾಗಿಯೇ, "ಹೋಗೋಣ ಫಿಲೊ, ಅಬಿಜಾನ್‌ಗೇ ಹೋಗೋಣ, ನೀನು ಗೆದ್ದೆ" ಎಂದ. "ಅಲ್ಲಿ ನಂದು ಏನಿದೆ?" ಎಂದಳು, ಅಷ್ಟೆ.

ಪಾಕಿನು ಬರುತ್ತದೆ, ಬಸ್ಸುಗಳು ತುಂಬಿ ಬರುತ್ತವೆ, ಬೀದಿಯೆಲ್ಲ ಗಲಾಟೆ. ಲೂಕು ಗೋಡೆಗೆ ಸುಣ್ಣ ಬಳಿಯುವುದಿಲ್ಲ, ಹಾಸಿಗೆ ಬಿಸಿಲಿಗೆ ಹಾಕುವುದಿಲ್ಲ. ಮೊದಲಾದರೆ ವರ್ಷವೆಲ್ಲ ಒಬ್ಬನೇ ಇದ್ದರೂ ಅವಳು ಬರುತ್ತಾಳೆ ಎಂಬುದೊಂದಿತ್ತು. ಈಗ ಅವಳು ಒಳಗೇ ಇದ್ದಾಳೆ, ಇನ್ನು ಯಾರೂ ಬರಬೇಕಾಗಿಲ್ಲ.